ಇಂಗ್ಲಿಷ್ ಪದಗಳು ನಿಜಕ್ಕೂ ಎಷ್ಟು ಗೊತ್ತು? ಮೊದಲು ಅಳೆಯಿರಿ, ಆಮೇಲೆ ಬೆಳೆಸಿ

ತುಂಬಾ ಹಿಂದಿನ ಮಾತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕಿತ್ತು. ‘ಇವರು ಕಷ್ಟಪಟ್ಟು ದುಡಿಯುತ್ತಾರೆ’ ಅನ್ನಲು ನಾನು ‘ಹಿ ಹಾರ್ಡ್ಲಿ ವರ್ಕ್ಸ್’ ಎಂದು ಬರೆದೆ. ಅದರ ಅರ್ಥ, ಇವರು ಕೆಲಸ ಮಾಡುವುದೇ ಅಪರೂಪ! ಯಾರೋ ಪುಣ್ಯಾತ್ಮರು ಕಳಿಸುವ ಮುಂಚೆ ಓದಿ, ನಕ್ಕು, ತಿದ್ದಿಕೊಟ್ಟರು.

‘ಹಾರ್ಡ್ಲಿ’ ನನಗೆ ಹೊಸ ಪದವೇನೂ ಆಗಿರಲಿಲ್ಲ. ನೂರಾರು ಸಲ ಓದಿದ್ದೆ. ಪ್ರತಿ ಸಲವೂ ‘ಹಾರ್ಡ್’ ನೋಡಿ ‘ಕಷ್ಟಪಟ್ಟು’ ಅಂದುಕೊಂಡು ಮುಂದೆ ಹೋಗಿದ್ದೆ. ಗೊತ್ತಿಲ್ಲದ ಪದ ಬಂದರೆ ನಿಘಂಟು ನೋಡುತ್ತೇವೆ. ಗೊತ್ತು ಅಂದುಕೊಂಡ ಪದಕ್ಕೆ ಯಾರು ನಿಘಂಟು ತೆಗೆಯುತ್ತಾರೆ, ಹೇಳಿ?

ಹಾಗಾಗಿ ಈ ಮಾರ್ಗದರ್ಶಿ ‘ದಿನಕ್ಕೆ ಹತ್ತು ಪದ ಕಲಿಯಿರಿ’ ಅಂತ ಶುರುವಾಗುವುದಿಲ್ಲ. ಮೊದಲು ಅಳೆಯುವುದು, ತೂತು ಎಲ್ಲಿದೆ ಅಂತ ಕಂಡುಕೊಳ್ಳುವುದು, ಆಮೇಲೆ ಅಲ್ಲಿಂದಲೇ ತುಂಬುತ್ತಾ ಬರುವುದು.

ಎಲ್ಲ ಪದಗಳೂ ಒಂದೇ ತೂಕದವಲ್ಲ

ಇಂಗ್ಲಿಷಿನ ಯಾವುದೇ ಬರಹ ತೆಗೆದುಕೊಳ್ಳಿ. ನೂರು ಪದಗಳಲ್ಲಿ ಸುಮಾರು ಆರು ಬರೀ ‘ದ’ ಆಗಿರುತ್ತದೆ. ಕೆಲವೇ ಪದಗಳು ಮತ್ತೆ ಮತ್ತೆ ಬರುತ್ತವೆ, ಉಳಿದ ಲಕ್ಷಾಂತರ ಪದಗಳು ಯಾವಾಗಲೋ ಒಮ್ಮೆ ಮುಖ ತೋರಿಸುತ್ತವೆ. ಈ ಲೆಕ್ಕ ಹಿಡಿದೇ ಇಂಗ್ಲಿಷ್ ಶಿಕ್ಷಣ ತಜ್ಞ ಮೈಕಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ‘ಜನರಲ್ ಸರ್ವೀಸ್ ಲಿಸ್ಟ್’ ಹೊರತಂದರು. 2013ರಲ್ಲಿ ಅದರ ಹೊಸ ರೂಪ ಬಂತು. ಸುಮಾರು 2800 ಪದಗಳ ಆ ಪಟ್ಟಿ ಸಾಮಾನ್ಯ ಬರಹದ 90 ಪರ್ಸೆಂಟಿಗೂ ಜಾಸ್ತಿ ಭಾಗಕ್ಕೆ ಸಾಕಾಗುತ್ತದೆ.

ತೊಂಬತ್ತು ಅಂದರೆ ತುಂಬಾ ಅನ್ನಿಸುತ್ತದೆ ಅಲ್ವಾ? ಆದರೆ ಹತ್ತು ಪದಕ್ಕೊಂದು ಗೊತ್ತಿಲ್ಲ ಅಂದರೆ ಹೆಚ್ಚುಕಡಿಮೆ ಸಾಲಿಗೊಂದು ಕಲ್ಲು ಎಡವಿದ ಹಾಗೆ. ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಲು ನೂರಕ್ಕೆ 98 ಪದ ಗೊತ್ತಿರಬೇಕು ಅನ್ನುತ್ತಾರೆ ಈ ಕ್ಷೇತ್ರದವರು. ನ್ಯೂಜಿಲೆಂಡಿನ ಪಾಲ್ ನೇಶನ್ 2006ರಲ್ಲಿ ಲೆಕ್ಕ ಹಾಕಿದ ಪ್ರಕಾರ ಕಾದಂಬರಿ, ಪತ್ರಿಕೆಗಳನ್ನು ಆ ಮಟ್ಟದಲ್ಲಿ ಓದಲು 8000ದಿಂದ 9000 ಪದಕುಟುಂಬ ಬೇಕು. ಮಾತು ಕೇಳಿ ಅರ್ಥ ಮಾಡಿಕೊಳ್ಳಲು 6000ದಿಂದ 7000. ಪದಕುಟುಂಬ ಅಂದರೆ ‘ಡೆವಲಪ್, ಡೆವಲಪರ್, ಡೆವಲಪ್‌ಮೆಂಟ್’ ಎಲ್ಲ ಸೇರಿ ಒಂದೇ ಮನೆ. ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಅಷ್ಟು ದೂರ ಹೋಗುವ ಮುಂಚೆಯೇ ಇಂಗ್ಲಿಷ್ ನಿಮ್ಮ ಕೆಲಸಕ್ಕೆ ಬರಲು ಶುರುವಾಗಿರುತ್ತದೆ.

ಹಂತ 1: ಒಂದು ಸಂಜೆ ಕೂತು ನಿಮ್ಮನ್ನು ನೀವೇ ಪರೀಕ್ಷಿಸಿ

ಪದಗಳನ್ನು ಬಳಕೆಯ ಪ್ರಮಾಣದ ಮೇಲೆ ಸಾವಿರ ಸಾವಿರವಾಗಿ ವಿಂಗಡಿಸಿದ ಪಟ್ಟಿಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒಂದನ್ನು ಇಳಿಸಿಕೊಳ್ಳಿ. ಮೊದಲ ಸಾವಿರದಿಂದ 40ನೇ ಪದ, 80ನೇ ಪದ, 120ನೇ ಪದ, ಹೀಗೆ ಹೆಕ್ಕುತ್ತಾ ಹೋದರೆ 25 ಪದ ಸಿಗುತ್ತವೆ. ಎರಡನೇ ಸಾವಿರದಿಂದ ಹಾಗೆಯೇ 25. ಐದನೇ ಸಾವಿರದವರೆಗೆ ಮಾಡಿ. ಒಟ್ಟು 125 ಪದ. ಕಷ್ಟದ್ದು ಬಂತು ಅಂತ ಪಕ್ಕದ ಪದಕ್ಕೆ ಜಾರಬೇಡಿ. ಅಲ್ಲೇ ಪರೀಕ್ಷೆ ಕೆಡುವುದು.

ಈಗ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಪದ. ಎರಡನೆಯದರಲ್ಲಿ ಕನ್ನಡದಲ್ಲಿ ಅರ್ಥ. ಮೂರನೆಯದರಲ್ಲಿ ಆ ಪದ ಹಾಕಿ ನಿಮ್ಮದೇ ಒಂದು ಇಂಗ್ಲಿಷ್ ವಾಕ್ಯ. ಎಲ್ಲ ಮುಗಿಯುವವರೆಗೆ ನಿಘಂಟು ಮುಟ್ಟಬಾರದು. ಮುಗಿದ ಮೇಲೆ ಒಂದೊಂದನ್ನೇ ನೋಡಿ ಅಂಕ ಹಾಕಿ: ಅರ್ಥವೂ ವಾಕ್ಯವೂ ಸರಿಯಿದ್ದರೆ 2, ಅರ್ಥ ಮಾತ್ರ ಸರಿಯಿದ್ದರೆ 1, ಇಲ್ಲದಿದ್ದರೆ ಸೊನ್ನೆ.

ಒಂದು ಪದವನ್ನು ಹತ್ತಿರದಿಂದ ನೋಡೋಣ. ‘ರಿಲಕ್ಟೆಂಟ್’ ಬಂತು ಅಂದುಕೊಳ್ಳಿ. ನೀವು ‘ಒಲ್ಲದ ಮನಸ್ಸಿನ’ ಎಂದು ಬರೆದಿರಿ. ಅರ್ಥ ಸರಿ. ವಾಕ್ಯ ಹೀಗೆ ಬರೆದಿರಿ: ‘ಐ ಆಮ್ ರಿಲಕ್ಟೆಂಟ್ ಆಫ್ ಹಿಮ್’. ಇದು ಸರಿಯಲ್ಲ. ‘ರಿಲಕ್ಟೆಂಟ್’ ಆದ ಮೇಲೆ ಸಾಮಾನ್ಯವಾಗಿ ‘ಟು’ ಬರಬೇಕು, ಅದರ ನಂತರ ಒಂದು ಕ್ರಿಯಾಪದ ಬರಬೇಕು: ‘ರಿಲಕ್ಟೆಂಟ್ ಟು ಗೋ’. ಆದ್ದರಿಂದ 1 ಅಂಕ. ಅದೇ ನೀವು ಅರ್ಥದ ಕಾಲಂನಲ್ಲಿ ‘ಏನೋ ಬೇಜಾರು ಅನ್ನೋ ಥರ’ ಎಂದು ಬರೆದಿದ್ದರೆ ಸೊನ್ನೆ. ‘ಏನೋ’, ‘ಥರ’ ಬಂದ ಕಡೆ ನಿಮಗೆ ನೀವೇ ಕನಿಕರ ತೋರಿಸಬೇಡಿ.

ಲೆಕ್ಕ ಸುಲಭ. ಪ್ರತಿ ಪದವೂ 40 ಪದಗಳ ಪ್ರತಿನಿಧಿ. ಎರಡನೇ ಸಾವಿರದಲ್ಲಿ 22 ಪದಗಳಿಗೆ ಒಂದೋ ಎರಡೋ ಅಂಕ ಬಂತು ಅಂದರೆ 22 ಇಂಟು 40, ಓದಿದರೆ ತಿಳಿಯುವ ಪದ ಸುಮಾರು 880. ಅದರಲ್ಲಿ 14ಕ್ಕೆ ಮಾತ್ರ ಪೂರ್ತಿ ಅಂಕ ಬಂದಿದ್ದರೆ ಬಳಸಲು ಬರುವ ಪದ ಸುಮಾರು 560. ಈ ಎರಡು ಸಂಖ್ಯೆಗಳನ್ನು ಬೇರೆಬೇರೆ ಬರೆದಿಡಿ. ‘ಓದಿದರೆ ಎಲ್ಲ ತಿಳಿಯುತ್ತೆ, ಮಾತಾಡಲು ಹೋದರೆ ಬಾಯಿ ಕಟ್ಟುತ್ತೆ’ ಅನ್ನುವವರ ಕಷ್ಟ ಈ ಎರಡು ಸಂಖ್ಯೆಗಳ ನಡುವಿನ ಕಂದಕದಲ್ಲಿದೆ.

ನಿಘಂಟನ್ನು ಎಲ್ಲೆಂದರಲ್ಲಿ ತೆರೆದು, ಪುಟದ ಮೊದಲ ಪದ ಗೊತ್ತಾ ಅಂತ ನೋಡುವ ಹಳೆಯ ವಿಧಾನ ಒಂದಿದೆ. ಅದು ಬೇಡ. ‘ರನ್’, ‘ಸೆಟ್’ ಥರದ ಬಳಕೆಯ ಪದಗಳಿಗೆ ನಿಘಂಟಿನಲ್ಲಿ ಕಾಲಂಗಟ್ಟಲೆ ಜಾಗ. ಅವೇ ಜಾಸ್ತಿ ಕೈಗೆ ಸಿಗುತ್ತವೆ, ನಿಮ್ಮ ಸಂಖ್ಯೆ ಸುಮ್ನೆ ಉಬ್ಬುತ್ತದೆ.

ಸಿದ್ಧ ಪರೀಕ್ಷೆಗಳನ್ನು ಬಳಸುವುದಾದರೆ

ಎರಡು ಮೂರು ಬಗೆ ಇವೆ. ನೇಶನ್ ಮತ್ತು ಬೆಗ್ಲರ್ 2007ರಲ್ಲಿ ಪ್ರಕಟಿಸಿದ ‘ವೊಕ್ಯಾಬುಲರಿ ಸೈಜ್ ಟೆಸ್ಟ್’ನಲ್ಲಿ 140 ಪ್ರಶ್ನೆ, ಪ್ರತಿ ಸಾವಿರಕ್ಕೆ ಹತ್ತು. ಬಂದ ಅಂಕವನ್ನು ನೂರರಿಂದ ಗುಣಿಸಿದರೆ ಒಟ್ಟು ಪದಸಂಪತ್ತಿನ ಅಂದಾಜು ಸಿಗುತ್ತದೆ. ಆದರೆ ನಾಲ್ಕರಲ್ಲಿ ಒಂದನ್ನು ಆರಿಸುವ ಪರೀಕ್ಷೆ ಅದು. ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕಕ್ಕೊಂದು ಸರಿ ಬೀಳುತ್ತದೆ. 9000 ಬಂತು ಅಂತ ಬೀಗುವ ಮುಂಚೆ ಅದನ್ನು ನೆನಪಿಡಿ.

ಇನ್ನೊಂದು ‘ಲೆವೆಲ್ಸ್ ಟೆಸ್ಟ್’. ಇದು ಒಟ್ಟು ಎಷ್ಟು ಅಂತ ಕೇಳುವುದಿಲ್ಲ, ಯಾವ ಸಾವಿರದಲ್ಲಿ ತೂತಿದೆ ಅಂತ ಕೇಳುತ್ತದೆ. ಕಲಿಯುವವರಿಗೆ ಇದೇ ಜಾಸ್ತಿ ಉಪಯೋಗ ಅಂತ ನನ್ನ ಅನಿಸಿಕೆ. 2017ರ ಹೊಸ ರೂಪದಲ್ಲಿ ಪ್ರತಿ ಸಾವಿರಕ್ಕೆ 30 ಪ್ರಶ್ನೆ. ಮೊದಲ ಮೂರು ಸಾವಿರಗಳಲ್ಲಿ 30ಕ್ಕೆ 29 ಬಂದರೆ ಮಾತ್ರ ಆ ಮಟ್ಟ ದಾಟಿದ ಹಾಗೆ. ನಾಲ್ಕು ಮತ್ತು ಐದನೇ ಸಾವಿರಕ್ಕೆ 24 ಸಾಕು. ಮೊದಲಿನವು ಪುಟಪುಟದಲ್ಲೂ ಬರುವ ಪದಗಳು, ಅಲ್ಲಿ ರಿಯಾಯಿತಿ ಇಲ್ಲ.

ಮೂರನೆಯದು ‘ಗೊತ್ತು–ಗೊತ್ತಿಲ್ಲ’ ಪರೀಕ್ಷೆ. ಪದಗಳ ಮುಂದೆ ಬರೀ ಗುರುತು ಹಾಕುತ್ತಾ ಹೋಗುವುದು. ಬೇಗ ಮುಗಿಯುತ್ತದೆ. ಆದರೆ ನಡುವೆ ‘ಬ್ಲಾಂಟಿವ್’ ಥರದ, ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲದ ಪದಗಳನ್ನು ಬೇಕಂತಲೇ ಸೇರಿಸಿರುತ್ತಾರೆ. ಅವನ್ನೂ ‘ಗೊತ್ತು’ ಅಂದರೆ ಅಂಕ ಕಳೆಯುತ್ತಾರೆ. ನಾನು ಮೊದಲ ಸಲ ಬರೆದಾಗ ಇಂಥ ನಾಲ್ಕು ಪದಗಳು ನನಗೆ ‘ಗೊತ್ತಿದ್ದವು’!

ಹಂತ 2: ಶುರು ಮಾಡುವ ಜಾಗ ಗೊತ್ತು ಮಾಡಿಕೊಳ್ಳಿ

ನೀವು ಮನೆಯಲ್ಲಿ ಮಾಡಿದ ಪರೀಕ್ಷೆಗೂ ಅದೇ ಅಳತೆ ಹಿಡಿಯಿರಿ. ಮೊದಲ ಮೂರು ಸಾವಿರಗಳಲ್ಲಿ 25 ಪದಗಳ ಪೈಕಿ ಕನಿಷ್ಠ 24ರ ಅರ್ಥ ಗೊತ್ತಿರಬೇಕು, ಆಮೇಲಿನ ಎರಡರಲ್ಲಿ 20ರದ್ದು. ಎಲ್ಲಿ ಮೊದಲು ಕಡಿಮೆ ಬಂತೋ ಅಲ್ಲಿಂದಲೇ ಶುರು ಮಾಡಿ. ಐದನೇ ಸಾವಿರದಲ್ಲಿ 15 ಬಂದು ಎರಡನೇ ಸಾವಿರದಲ್ಲಿ 21 ಬಂದಿದೆಯಾ? ಹಾಗಿದ್ದರೆ ಎರಡನೇ ಸಾವಿರಕ್ಕೇ ಇಳಿಯಬೇಕು. ಇದು ಅವಮಾನವಲ್ಲ. ಪಠ್ಯಪುಸ್ತಕದಲ್ಲಿ ಕಲಿತವರಿಗೆ ದೊಡ್ಡ ದೊಡ್ಡ ಪದ ಗೊತ್ತಿದ್ದು, ‘ಬೇರ್ಲಿ’, ‘ಸೆಲ್ಡಮ್’ ಕೈಬಿಟ್ಟುಹೋಗಿರುವುದು ತೀರಾ ಸಾಮಾನ್ಯ.

ಹೊಸಬರಿಗೆ: ಮೊದಲ ಎರಡು ಸಾವಿರ

ಕನ್ನಡದಲ್ಲಿ ಅರ್ಥ ಬರೆದುಕೊಳ್ಳಬೇಡಿ, ಇಂಗ್ಲಿಷಿನಲ್ಲೇ ಯೋಚಿಸಿ ಅಂತ ಹೇಳುವವರಿದ್ದಾರೆ. ಈ ಹಂತದಲ್ಲಿ ಅವರ ಮಾತು ಕೇಳಬೇಡಿ. ಒಂದು ಪದ ಅರ್ಥವಾಗಲು ಇನ್ನೂ ನಾಲ್ಕು ಗೊತ್ತಿಲ್ಲದ ಪದಗಳ ವಿವರಣೆ ಓದುವುದಕ್ಕಿಂತ ಒಂದು ಕನ್ನಡ ಪದ ಸಾಕು. ಬೇಗ ಆಗುತ್ತದೆ, ಚೆನ್ನಾಗಿ ನಿಲ್ಲುತ್ತದೆ.

ನಿಮ್ಮ ಹತ್ತಿರ ಆಗಲೇ ಒಂದಿಷ್ಟು ಬಂಡವಾಳವೂ ಇದೆ. ಬಸ್ಸು, ಲೈಟು, ಟೇಬಲ್ಲು, ಟೈಮು ಅಂತ ದಿನವೂ ನೂರಾರು ಇಂಗ್ಲಿಷ್ ಪದ ಆಡುತ್ತೀರಿ. ಅವುಗಳ ಸ್ಪೆಲಿಂಗ್ ಕಲಿತರೆ ಸಾಕು. ಒಂದೇ ಎಚ್ಚರಿಕೆ: ಕೆಲವು ಪದಗಳು ನಮ್ಮ ಬಾಯಿಗೆ ಬಂದ ಮೇಲೆ ಅರ್ಥ ಕಿರಿದು ಮಾಡಿಕೊಂಡಿವೆ. ನಮಗೆ ‘ಕರೆಂಟ್’ ಅಂದರೆ ವಿದ್ಯುತ್ತು. ಇಂಗ್ಲಿಷಿನಲ್ಲಿ ಅದಕ್ಕೆ ‘ಈಗಿನ’ ಅಂತಲೂ, ‘ನೀರಿನ ಸೆಳೆತ’ ಅಂತಲೂ ಅರ್ಥವಿದೆ. ‘ನನಗೊಂದು ಡೌಟು’ ಅಂದರೆ ನಮಗೆ ಬರೀ ಪ್ರಶ್ನೆ. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಎ ಡೌಟ್’ ಅಂದರೆ ಕೇಳಿದವರಿಗೆ ನಂಬಿಕೆ ಸಾಲದು ಅಂದ ಹಾಗೆ ಕೇಳಬಹುದು.

ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಕನ್ನಡದ ಒಂದು ಪದ ಇಂಗ್ಲಿಷಿಗೆ ಹೋಗುವಾಗ ಮೂರಾಗಿ ಒಡೆಯುತ್ತದೆ. ನಾವು ಎಲ್ಲವನ್ನೂ ‘ನೋಡು’ತ್ತೇವೆ. ಅವರಿಗೆ ತಾನಾಗಿ ಕಣ್ಣಿಗೆ ಬಿದ್ದರೆ ‘ಸೀ’, ಬೇಕೆಂದೇ ಆ ಕಡೆ ಕಣ್ಣು ಹಾಯಿಸಿದರೆ ‘ಲುಕ್’, ನಡೆಯುತ್ತಿರುವುದನ್ನು ನೋಡುತ್ತಾ ಕೂತರೆ ‘ವಾಚ್’. ‘ಕೇಳು’ ಕೂಡ ಹಾಗೆಯೇ: ಪ್ರಶ್ನೆ ಕೇಳಿದರೆ ‘ಆಸ್ಕ್’, ಸದ್ದು ಕಿವಿಗೆ ಬಿದ್ದರೆ ‘ಹಿಯರ್’, ಗಮನವಿಟ್ಟು ಕೇಳಿದರೆ ‘ಲಿಸನ್’. ಇಂಥ ಪದಗಳಿಗೆ ಒಂದೇ ಪದದ ಅರ್ಥ ಬರೆದುಕೊಂಡರೆ ಸಾಲದು. ಒಂದೊಂದಕ್ಕೂ ಒಂದು ಚಿಕ್ಕ ವಾಕ್ಯ ಜೊತೆಗಿರಲಿ.

ಅಂಥ ಜೋಡಿಗಳನ್ನು ಒಂದೇ ದಿನ ಕಲಿಯಬೇಡಿ. ಪುಸ್ತಕಗಳು ಒಂದೇ ಗುಂಪಿನ ಪದಗಳನ್ನು, ವಿರುದ್ಧ ಪದಗಳನ್ನು ಒಟ್ಟಿಗೆ ಜೋಡಿಸಿ ಕೊಡುತ್ತವೆ, ನೋಡಲು ಚೆಂದ. ಆದರೆ ಹೊಸದಾಗಿ ಕಲಿಯುವಾಗ ಒಂದೇ ಥರದ ಪದಗಳು ತಲೆಯಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ. ಇದನ್ನು ಪ್ರಯೋಗಗಳೂ ತೋರಿಸಿವೆ. ‘ಬಾರೋ’, ‘ಲೆಂಡ್’ ನೋಡಿ. ಕನ್ನಡದಲ್ಲಿ ಎರಡರಲ್ಲೂ ‘ಸಾಲ’ ಇದೆ. ಒಂದು ತಗೊಳ್ಳುವುದು, ಒಂದು ಕೊಡುವುದು. ಒಟ್ಟಿಗೆ ಕಲಿತವರು ವರ್ಷಗಟ್ಟಲೆ ಅದಲುಬದಲು ಮಾಡುತ್ತಾರೆ. ಈ ವಾರ ‘ಬಾರೋ’ ಕಲಿಯಿರಿ. ಅದು ಗಟ್ಟಿಯಾಗಿ ಕೂತ ಮೇಲೆ, ಎರಡು ಮೂರು ವಾರ ಬಿಟ್ಟು, ‘ಲೆಂಡ್’.

ನಡುವಿನವರಿಗೆ: ಮೂರರಿಂದ ಐದು ಸಾವಿರ

ಇಲ್ಲಿಯೇ ಜಾಸ್ತಿ ಜನ ನಿಂತುಬಿಡುವುದು. ದಿನದ ಕೆಲಸ ನಡೆಯುತ್ತದೆ, ಹೊಸ ಪದಗಳು ಅಪರೂಪಕ್ಕೆ ಎದುರಾಗುತ್ತವೆ, ಕಲಿತರೂ ಮತ್ತೆ ಕಾಣುವಷ್ಟರಲ್ಲಿ ಮರೆತಿರುತ್ತದೆ. ಪಟ್ಟಿಯೊಂದರಿಂದಲೇ ಇದನ್ನು ದಾಟುವುದು ಕಷ್ಟ. ಓದಬೇಕು, ಅದೂ ಸರಿಯಾದ ಮಟ್ಟದ್ದನ್ನು.

ಸರಿಯಾದ ಮಟ್ಟ ಯಾವುದು? ಪುಸ್ತಕದ ನಡುವಿನ ಒಂದು ಪುಟ ತೆಗೆದು ನೂರು ಪದ ಎಣಿಸಿ. ಗೊತ್ತಿಲ್ಲದವು ಎರಡರೊಳಗೆ ಇದ್ದರೆ ಸಲೀಸಾಗಿ ಓದುತ್ತಾ ಹೋಗಿ. ಐದರವರೆಗೆ ಇದ್ದರೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಒಂದೆರಡು ಪುಟ. ಅದಕ್ಕಿಂತ ಜಾಸ್ತಿಯಿದ್ದರೆ ಆ ಪುಸ್ತಕವನ್ನು ಸದ್ಯಕ್ಕೆ ಬದಿಗಿಡಿ. ಕಲಿಯುವವರಿಗಾಗಿಯೇ ಪದಗಳಿಗೆ ಮಿತಿ ಹಾಕಿಕೊಂಡು ಬರೆದ ಕಥೆಪುಸ್ತಕಗಳಿವೆ, ‘ಗ್ರೇಡೆಡ್ ರೀಡರ್’ ಅಂತ ಹುಡುಕಿ. ಮಕ್ಕಳ ಪುಸ್ತಕ ಸುಲಭ ಅಂದುಕೊಂಡು ಅದಕ್ಕೆ ಕೈಹಾಕುವವರು ಜಾಸ್ತಿ. ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಬರೆದದ್ದರಲ್ಲಿ ನಮಗೆ ಗೊತ್ತಿಲ್ಲದ ಪದಗಳು ಬೇಕಾದಷ್ಟಿರುತ್ತವೆ.

ಓದುವಾಗ ಅರ್ಥ ಊಹಿಸುವುದು ಒಳ್ಳೆಯದೇ. ಆದರೆ ಊಹೆಗೊಂದು ಲಗಾಮು ಬೇಕು. ಊಹಿಸಿದ ಪದ ಮೂರನೇ ಸಲ ಬಂದಾಗ ನಿಘಂಟು ನೋಡಿ ಖಚಿತ ಮಾಡಿಕೊಳ್ಳಿ. ನನ್ನ ‘ಹಾರ್ಡ್ಲಿ’ಗೆ ಆ ಭಾಗ್ಯ ಸಿಕ್ಕಿರಲಿಲ್ಲ.

ಈ ಹಂತದಲ್ಲಿ ಪದದ ಜೊತೆಗಾರರನ್ನೂ ಕಲಿಯಬೇಕು. ಕನ್ನಡದಲ್ಲಿ ಮಳೆ ‘ಜೋರಾಗಿ’ ಬರುತ್ತದೆ, ಇಂಗ್ಲಿಷಿನಲ್ಲಿ ‘ಹೆವಿ’ ಆಗಿರುತ್ತದೆ. ತಪ್ಪು, ಕೆಲಸ, ನಿರ್ಧಾರ ಎಲ್ಲವನ್ನೂ ನಾವು ‘ಮಾಡು’ತ್ತೇವೆ. ಅವರು ತಪ್ಪನ್ನೂ ನಿರ್ಧಾರವನ್ನೂ ‘ಮೇಕ್’ ಮಾಡುತ್ತಾರೆ, ಮನೆಗೆಲಸವನ್ನು ‘ಡೂ’ ಮಾಡುತ್ತಾರೆ. ಇದಕ್ಕೆ ತರ್ಕ ಹುಡುಕಬೇಡಿ, ಸಿಗುವುದಿಲ್ಲ. ಜೋಡಿಯನ್ನೇ ಒಂದು ಪದ ಅಂತ ಬರೆದುಕೊಳ್ಳಿ.

ಮುಂದುವರಿದವರಿಗೆ

ಐದು ಸಾವಿರ ದಾಟಿದ ಮೇಲೆ ಎಲ್ಲರಿಗೂ ಒಂದೇ ಪಟ್ಟಿ ಹೊಂದುವುದಿಲ್ಲ. ಉನ್ನತ ಓದಿಗೆ ಹೋಗುವವರಾದರೆ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’ ಹಿಡಿಯಿರಿ. ಬರೀ 570 ಪದಕುಟುಂಬ, ಆದರೆ ಶೈಕ್ಷಣಿಕ ಬರಹದ ಹತ್ತು ಪರ್ಸೆಂಟಿನಷ್ಟು ಅವೇ ಇರುತ್ತವೆ. ಇದಕ್ಕೆ ಐದು ಸಾವಿರ ದಾಟುವವರೆಗೆ ಕಾಯಬೇಕಾಗಿಲ್ಲ, ಮೊದಲ ಎರಡು ಮೂರು ಸಾವಿರ ಗಟ್ಟಿಯಾದ ಮೇಲೆ ಶುರು ಮಾಡಬಹುದು. ಉಳಿದವರು ತಮ್ಮ ವೃತ್ತಿಯ ಪದಗಳ ಕಡೆ ಹೋಗಲಿ.

ಇಲ್ಲಿ ಪರೀಕ್ಷೆಯ ರೀತಿಯೂ ಬದಲಾಗಬೇಕು. ‘ಸ್ಲಿಮ್’, ‘ಸ್ಕಿನ್ನಿ’ ಎರಡಕ್ಕೂ ಅರ್ಥ ‘ತೆಳ್ಳಗಿನ’. ಒಂದು ಹೊಗಳಿಕೆ, ಇನ್ನೊಂದನ್ನು ಹೇಳಿದರೆ ಮುಖ ಊದಿಸಿಕೊಳ್ಳಬಹುದು. ಹಾಗಾಗಿ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಯಾರಿಗೆ ಹೇಳಬಹುದು? ಮಾತಿನದೋ ಬರಹದ್ದೋ? ಹೊಗಳಿಕೆಯೋ ತೆಗಳಿಕೆಯೋ? ಉತ್ತರ ಗೊತ್ತಿಲ್ಲದಿದ್ದರೆ ಆ ಪದಕ್ಕೆ 2 ಹಾಕಿಕೊಳ್ಳಬೇಡಿ.

ಹಂತ 3: ಕಾರ್ಡು ಮಾಡಿ, ಅಂತರ ಬಿಟ್ಟು ನೋಡಿ

ಕಲಿತದ್ದು ಎಷ್ಟು ಬೇಗ ಸೋರಿಹೋಗುತ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ. ಮದ್ದೂ ಹಳೆಯದೇ: ಮರೆಯುವ ಹೊತ್ತಿಗೆ ಮತ್ತೆ ನೆನಪಿಸಿಕೊಳ್ಳುವುದು, ಪ್ರತಿ ಸಲ ಅಂತರ ಹೆಚ್ಚಿಸುವುದು. ಅಲ್ಲಿ ‘ನೆನಪಿಸಿಕೊಳ್ಳುವುದು’ ಮುಖ್ಯ. ಪಟ್ಟಿಯನ್ನು ಹತ್ತು ಸಲ ಓದಿದರೆ ಪದ ಪರಿಚಯದ ಮುಖವಾಗುತ್ತದೆ ಅಷ್ಟೆ, ಕರೆದಾಗ ಬರುವುದಿಲ್ಲ.

ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟ ಡಬ್ಬಿಯ ವಿಧಾನ ಇವತ್ತಿಗೂ ಚೆನ್ನಾಗಿದೆ. ಐದು ಡಬ್ಬಿ ಇಡಿ. ಹೊಸ ಕಾರ್ಡು ಮೊದಲನೆಯದಕ್ಕೆ, ಅದನ್ನು ದಿನವೂ ನೋಡಬೇಕು. ಉತ್ತರ ಬಂದರೆ ಕಾರ್ಡು ಮುಂದಿನ ಡಬ್ಬಿಗೆ. ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಎರಡು ವಾರಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ. ತಪ್ಪಿದರೆ ಎಲ್ಲಿದ್ದರೂ ವಾಪಸ್ ಮೊದಲ ಡಬ್ಬಿಗೆ. ಈ ಅಂತರಗಳು ನನ್ನವು, ನಿಮಗೆ ಹೊಂದುವ ಹಾಗೆ ಬದಲಿಸಿಕೊಳ್ಳಿ. ಫೋನಿನಲ್ಲೇ ಬೇಕು ಅನ್ನುವವರಿಗೆ ‘ಆಂಕಿ’ ಅನ್ನುವ ಕಾರ್ಡುಗಳ ಆಪ್ ಇದೆ, ಲೆಕ್ಕ ಅದೇ ಇಟ್ಟುಕೊಳ್ಳುತ್ತದೆ.

ಕಾರ್ಡು ಹೇಗಿರಬೇಕು? ಒಂದು ಕಡೆ ‘ರಿಲಕ್ಟೆಂಟ್’, ಹಿಂದೆ ‘ಒಲ್ಲದ ಮನಸ್ಸಿನ’ ಅಂತ ಬರೆದರೆ ಅದು ಓದುವವರ ಕಾರ್ಡು. ಮಾತಿಗೂ ಬರಬೇಕಾದರೆ ಮುಂದೆ ಹೀಗೆ ಬರೆಯಿರಿ: ‘ಅವಳು ಸಹಿ ಹಾಕಲು ಹಿಂದೆಮುಂದೆ ನೋಡಿದಳು. ಶಿ ವಾಸ್ ರಿ____ ಟು ಸೈನ್.’ ಮೊದಲ ಅಕ್ಷರ ಕೊಟ್ಟಿರಿ, ಪದ ನೀವೇ ತುಂಬಬೇಕು. ‘ಟು ಸೈನ್’ ಅಲ್ಲೇ ಇರುವುದರಿಂದ ಜೊತೆಗಾರನೂ ತಲೆಗೆ ಹೋಗುತ್ತದೆ. ಹಿಂದೆ ಪದ, ಸ್ಪೆಲಿಂಗ್, ಒತ್ತು ಬೀಳುವ ಜಾಗ. ಉತ್ತರ ಹೇಳುವಾಗ ಬಾಯಿಬಿಟ್ಟು ಹೇಳಿ.

ದಿನಕ್ಕೆ ಎಂಟು ಪದಕ್ಕಿಂತ ಜಾಸ್ತಿ ಬೇಡ, ವಾರಕ್ಕೆ ಐದು ದಿನ. ವರ್ಷಕ್ಕೆ ಸುಮಾರು 2000 ಆಯಿತು. ಅಷ್ಟೂ ಉಳಿಯುವುದಿಲ್ಲ, ಸರಿ. ದಿನಕ್ಕೆ ಮೂವತ್ತು ಅಂತ ಹೊರಟವರು ಎರಡು ವಾರದಲ್ಲಿ ಹಳೆಯ ಕಾರ್ಡುಗಳ ರಾಶಿ ನೋಡಿಯೇ ಕೈಬಿಡುತ್ತಾರೆ.

ಬೇರೆಯವರಿಗೆ ಪರೀಕ್ಷೆ ಕೊಡುವವರಾದರೆ

ಮಕ್ಕಳಿಗೋ ವಿದ್ಯಾರ್ಥಿಗಳಿಗೋ ಪ್ರಶ್ನೆ ತಯಾರಿಸುವಾಗ ಪದವನ್ನು ಸುತ್ತುವರಿದ ವಾಕ್ಯ ಆ ಪದಕ್ಕಿಂತ ಸುಲಭವಾಗಿರಲಿ. ಇಲ್ಲವಾದರೆ ತಪ್ಪಿದ್ದು ಯಾವ ಪದ ಅಂತಲೇ ತಿಳಿಯುವುದಿಲ್ಲ. ಆಯ್ಕೆಗಳಲ್ಲಿ ಸರಿಯುತ್ತರ ಕ್ರಿಯಾಪದವಾದರೆ ಉಳಿದವೂ ಕ್ರಿಯಾಪದಗಳೇ ಆಗಿರಲಿ. ಸ್ಪೆಲಿಂಗ್ ತಪ್ಪಿಗೆ ಅರ್ಥದ ಅಂಕ ಕಡಿಯಬೇಡಿ, ಅದಕ್ಕೆ ಬೇರೆ ಅಂಕ ಇಡಿ. ಪಾಠ ಮಾಡಿದ ದಿನವೇ ಪರೀಕ್ಷೆ ಕೊಟ್ಟರೆ ಎಲ್ಲರೂ ಜಾಣರೇ. ಒಂದು ವಾರ ಬಿಟ್ಟು, ಹೇಳದೆ ಕೊಟ್ಟು ನೋಡಿ.

ಹಂತ 4: ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆ

ಅದೇ ಪಟ್ಟಿ, ಆದರೆ ಬೇರೆ ಪದ. ಈ ಸಲ 15ನೇ ಪದದಿಂದ ಶುರು ಮಾಡಿ 40 ಕೂಡಿಸುತ್ತಾ ಹೋಗಿ: 15, 55, 95. ಹಳೆಯ ಎರಡು ಸಂಖ್ಯೆಗಳ ಪಕ್ಕದಲ್ಲಿ ಹೊಸವನ್ನು ಬರೆಯಿರಿ. ಬರೀ 25 ಪದಗಳ ಅಂದಾಜು ಇದು, ಒಂದೆರಡು ಪದದ ಏರಿಳಿತಕ್ಕೆ ತಲೆಕೆಡಿಸಿಕೊಳ್ಳಬೇಡಿ. ಓದುವ ಸಂಖ್ಯೆ ಏರಿ ಬಳಸುವ ಸಂಖ್ಯೆ ಅಲ್ಲೇ ನಿಂತಿದ್ದರೆ ಹೊಸ ಪದ ಒಂದು ತಿಂಗಳು ನಿಲ್ಲಿಸಿ. ಆ ತಿಂಗಳು ದಿನವೂ ಮೂರು ನಿಮಿಷ ಫೋನಿನಲ್ಲಿ ನಿಮ್ಮ ಮಾತು ರೆಕಾರ್ಡ್ ಮಾಡಿ, ಮೂರನೇ ಡಬ್ಬಿಯ ಐದು ಪದ ಹೇಗಾದರೂ ಅದರಲ್ಲಿ ಬರಬೇಕು ಅಂತ ಶರತ್ತು ಹಾಕಿಕೊಂಡು.

ಕೊನೆಗೂ ಕೆಲವು ಕಾರ್ಡುಗಳು ಮೊದಲ ಡಬ್ಬಿ ಬಿಟ್ಟು ಕದಲುವುದೇ ಇಲ್ಲ. ಆಂಕಿಯಲ್ಲಿ ಅವಕ್ಕೆ ‘ಲೀಚ್’ ಅಂತಾರೆ, ಅಂದರೆ ಜಿಗಣೆ. ಎಂಟು ಸಲ ತಪ್ಪಿದ ಕಾರ್ಡಿಗೆ ಅದೇ ಗುರುತು ಹಾಕುತ್ತದೆ, ಸೆಟ್ಟಿಂಗ್ ಹಾಗಿದ್ದರೆ ಎತ್ತಿ ಬದಿಗೂ ಇಡುತ್ತದೆ. ಕಾಗದದ ಡಬ್ಬಿಯಾದರೆ ನೀವೇ ಮಾಡಿ: ಮೂಲೆಯಲ್ಲಿ ಗೆರೆ ಹಾಕುತ್ತಾ ಬನ್ನಿ, ಎಂಟಾದಾಗ ಹರಿದು, ಬೇರೆ ವಾಕ್ಯ ಹಾಕಿ ಹೊಸ ಕಾರ್ಡು ಬರೆಯಿರಿ. ಅದೂ ನಿಲ್ಲದಿದ್ದರೆ ಆ ಪದವನ್ನು ಬಿಟ್ಟುಬಿಡಿ. ಓದುವಾಗ ಮತ್ತೆ ಎದುರಾದರೆ ಆಗ ನೋಡಿಕೊಂಡರಾಯಿತು.